ಹಡಗು ಬರುವವರೆಗೆ ಶವ ಕಾಯುವುದಿಲ್ಲ: ಲಕ್ಷದ್ವೀಪದ ಆಡಳಿತಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಡಳಿತಾಧಿಕಾರಿಗಳು,
ಕೇಂದ್ರಾಡಳಿತ ಪ್ರದೇಶ ಲಕ್ಷದ್ವೀಪ,
ಕವರತ್ತಿ.

ಮಾನ್ಯರೇ,

ಮೂವತ್ತೊಂದು ವರ್ಷ ಶವಾಗಾರದಲ್ಲಿ ದುಡಿದು ನಿವೃತ್ತಳಾದವಳು ನಾನು. ನ್ಯಾಯವೈದ್ಯಶಾಸ್ತ್ರ ಕಲಿಸುತ್ತಿದ್ದೆ, ಮರಣೋತ್ತರ ಪರೀಕ್ಷೆ ಮಾಡುತ್ತಿದ್ದೆ, ಕೋರ್ಟಿನ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುತ್ತಿದ್ದೆ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಹೊರಟಿದೆ. ಅದನ್ನೇ ಕನ್ನಡದಲ್ಲಿ, ಎಲ್ಲರೆದುರು ಬರೆಯುವುದಕ್ಕೆ ಕಾರಣವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರಿನ ಹಗ್ಗ ಮಂಗಳೂರಿಗೆ ಬರುತ್ತಿತ್ತು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇಂದಿಗೂ ಹಳೆ ಬಂದರಿನಿಂದ ಮನೆ ಕಟ್ಟುವ ಸಾಮಾನು, ದಿನಸಿ, ತರಕಾರಿ ಹೊತ್ತ ಮಂಜಿಗಳು, ಎಂದರೆ ಸರಕಿನ ದೋಣಿಗಳು, ಆ ಕಡೆ ಮುಖ ಮಾಡುತ್ತವೆ. ನಕ್ಷೆಯ ಮೇಲೆ ಅಳೆದರೆ ಅಮಿನಿಗೆ ಕೊಚ್ಚಿಯಿಂದ 400 ಕಿಲೋಮೀಟರಿಗೂ ಹೆಚ್ಚು, ಮಂಗಳೂರಿನಿಂದ ಸುಮಾರು 300. ಹಾಗಾಗಿ ಈ ಮಾತು ನಮ್ಮವರ ಕಿವಿಗೂ ಬೀಳಲಿ ಎಂದುಕೊಂಡೆ.

ದೂರು ಹೇಳುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಒಂದು ಮೇ ತಿಂಗಳು. ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನಾನಾಗ ಕಿರಿಯ ವೈದ್ಯೆ. ಭಾನುವಾರ ಮಧ್ಯಾಹ್ನ ಮರದ ಪೆಟ್ಟಿಗೆಯೊಂದು ಶವಾಗಾರದ ಮೆಟ್ಟಿಲ ಬಳಿ ಬಂದಿಳಿಯಿತು. ದ್ವೀಪದ ಯುವಕ. ಶವ ಸಿಕ್ಕಿದ್ದು ಗುರುವಾರ ಬೆಳಿಗ್ಗೆ, ಲಗೂನಿನ (ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ತಿಳಿನೀರಿನ) ಅಂಚಿನಲ್ಲಿ. ಮೀನಿಗೆ ಹಾಕುವ ಮಂಜುಗಡ್ಡೆಯನ್ನೇ ಪೆಟ್ಟಿಗೆಗೆ ತುಂಬಿದ್ದರು. ಅದು ಮೊದಲ ರಾತ್ರಿಯೇ ಕರಗಿಹೋಗಿತ್ತು. ಪೆಟ್ಟಿಗೆಯ ಜೊತೆಗೆ ಬಂದಿದ್ದ ಅಣ್ಣ ಆ ನೀರನ್ನೆಲ್ಲ ತನ್ನ ಲುಂಗಿಯಿಂದ ಒರೆಸುತ್ತ ಕುಳಿತೇ ಕಡಲು ದಾಟಿದ್ದ. ನಾನು ಶವ ಬಿಚ್ಚಿದೆ, ನೋಡಿದೆ, ಬರೆದೆ: ಶವ ಕೊಳೆತಿರುವುದರಿಂದ ಸಾವಿನ ಕಾರಣದ ಬಗ್ಗೆ ಅಭಿಪ್ರಾಯ ನೀಡಲಾಗದು. ಇಂಗ್ಲಿಷಿನಲ್ಲಿ ಅದು ಒಂದೂವರೆ ಸಾಲು. ಹೊರಗೆ ನಿಂತಿದ್ದ ಅಣ್ಣ ಕೇಳಿದ: "ಡಾಕ್ಟರೇ, ಅವನು ಮುಳುಗಿದನೋ, ಯಾರಾದರೂ ಮುಳುಗಿಸಿದರೋ?" ವರದಿ ಪೊಲೀಸರಿಗೆ ಹೋಗುತ್ತದೆ, ಅವರನ್ನು ಕೇಳಿ ಎಂದೆ. ನಿಯಮದ ಪ್ರಕಾರ ಸರಿಯಾದ ಉತ್ತರ. ಆದರೆ ವರದಿಯಲ್ಲಿ ಏನೂ ಇಲ್ಲ ಎಂಬುದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅಷ್ಟನ್ನಾದರೂ ನಾನು ಹೇಳಬೇಕಿತ್ತು.

ಅಂದು ಯಾರೂ ಕರ್ತವ್ಯ ತಪ್ಪಿರಲಿಲ್ಲ. ಅದೇ ನನ್ನನ್ನು ಇಷ್ಟು ವರ್ಷ ಕಾಡಿದ್ದು. ಮಹಜರು ಆಗಿತ್ತು, ಸಹಿಗಳಿದ್ದವು, ಪೆಟ್ಟಿಗೆಗೆ ಅರಗಿನ ಮುದ್ರೆ ಇತ್ತು, ಶವ ಕಾನೂನು ಹೇಳಿದ ವೈದ್ಯರ ಮುಂದೆಯೇ ಬಂದಿತ್ತು. ಎಲ್ಲರೂ ಕಾಗದ ಸರಿಯಿಟ್ಟಿದ್ದರು. ಶವ ಮಾತ್ರ ಕಾಯಲಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಅದನ್ನೇ ಬಿಡಿಸಿ ನೋಡೋಣ. ಸಂಶಯದ ಸಾವಾದಾಗ ಪೊಲೀಸ್ ಅಧಿಕಾರಿ ಶವವನ್ನು ಹತ್ತಿರದ ಸಿವಿಲ್ ಸರ್ಜನ್ ಬಳಿಗೋ ನೇಮಿತ ವೈದ್ಯರ ಬಳಿಗೋ ಕಳುಹಿಸಬೇಕು. ಆದರೆ ಒಂದು ಷರತ್ತಿದೆ: ಹವೆ ಮತ್ತು ದೂರ ಅನುಕೂಲವಾಗಿದ್ದು, ದಾರಿಯಲ್ಲಿ ಶವ ಕೊಳೆತು ಪರೀಕ್ಷೆಯೇ ವ್ಯರ್ಥವಾಗುವ ಭಯ ಇಲ್ಲದಿದ್ದರೆ ಮಾತ್ರ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಷರತ್ತು 1973ರ ಸಂಹಿತೆಯ 174ನೇ ಕಲಮಿಗೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿಗೂ ಬಂದು ಕುಳಿತಿದೆ. ಎತ್ತಿನ ಗಾಡಿಯ ಕಾಲದಲ್ಲಿ ಬರೆದವರು ದಾರಿ ಎಂದಾಗ ಅವರ ಕಣ್ಣ ಮುಂದಿದ್ದದ್ದು ಮಣ್ಣಿನ ರಸ್ತೆ. ಬಯಲುಸೀಮೆಯ ಹಳ್ಳಿಗೆ ಆ ಷರತ್ತು ಅಪರೂಪಕ್ಕೆ ಅನ್ವಯಿಸುವ ಅಪವಾದ. ನಿಮ್ಮಲ್ಲಿ ವರ್ಷದ ನಾಲ್ಕು ತಿಂಗಳು ಅದೇ ನಿಯಮ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಣ್ಣ ಹಡಗುಗಳು ದಡ ಹಿಡಿದು ಕೂರುತ್ತವೆ. ದೊಡ್ಡ ಹಡಗೂ ಅಲೆ ನೋಡಿಯೇ ಹೊರಡುತ್ತದೆ. ಕೊಚ್ಚಿಯಿಂದ ಹೊರಟರೆ ದ್ವೀಪ ಕಾಣಲು ಹದಿನಾಲ್ಕರಿಂದ ಹದಿನೆಂಟು ಗಂಟೆ. ಮಿನಿಕಾಯ್‌ಯಂತೂ ಕವರತ್ತಿಯಿಂದಲೇ 250 ಕಿಲೋಮೀಟರಿನಷ್ಟು ದೂರ. ಹೀಗಿರುವಾಗ ಠಾಣೆಯ ಅಧಿಕಾರಿ ಏನು ಮಾಡಬೇಕು? ಕಳುಹಿಸಿದರೆ ಶವ ಕೆಡುತ್ತದೆ. ಕಳುಹಿಸದಿದ್ದರೆ ಮುಂದೇನು ಎಂಬುದನ್ನು ಆ ಕಲಮು ಹೇಳುವುದಿಲ್ಲ.

ಇನ್ನು, ಕೆಡುವುದು ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಲು ಅಪ್ಪಣೆ ಕೊಡಿ. ಊಟದ ಹೊತ್ತಿನಲ್ಲಿ ಓದುತ್ತಿರುವವರು ಮುಂದಿನ ಪ್ಯಾರಾ ದಾಟಿ ಹೋಗಬಹುದು.

ನಮ್ಮ ಕರಾವಳಿಯ ಸೆಕೆಯಲ್ಲಿ ಸತ್ತ ಹನ್ನೆರಡರಿಂದ ಹದಿನೆಂಟು ಗಂಟೆಯೊಳಗೆ ಹೊಟ್ಟೆಯ ಬಲ ಕೆಳಭಾಗ ಹಸಿರಾಗುತ್ತದೆ. ಎರಡನೆಯ ದಿನ ಮೈ ಊದುತ್ತದೆ. ನೀರಿನಲ್ಲಿದ್ದಷ್ಟು ಹೊತ್ತು ಇದು ನಿಧಾನ. ಮೇಲೆತ್ತಿದ ಮೇಲೆ ವೇಗ ಹೆಚ್ಚು. ದ್ವೀಪದಲ್ಲಿ ಸಂಶಯದ ಸಾವು ಎಂದರೆ ಹೆಚ್ಚಾಗಿ ಎದುರಾಗುವ ಪ್ರಶ್ನೆ ನೀರಿನದೇ. ಜೀವವಿದ್ದಾಗ ನೀರಿಗೆ ಬಿದ್ದನೋ, ಜೀವ ಹೋದ ಮೇಲೆ ನೀರಿಗೆ ಹಾಕಿದರೋ? ಇದಕ್ಕೆ ಉತ್ತರ ಕೊಡುವ ಗುರುತುಗಳು ಬಹಳ ನಾಜೂಕು. ಬಾಯಿ, ಮೂಗಿನಲ್ಲಿ ಸಾಬೂನಿನ ನೊರೆಯಂಥ ಸಣ್ಣ ಬಿಳಿ ನೊರೆ. ಬಿಗಿದ ಮುಷ್ಟಿಯಲ್ಲಿ ಮರಳು, ಪಾಚಿಯ ಎಳೆ. ಉಬ್ಬಿ, ಒತ್ತಿದರೆ ಬೆರಳಚ್ಚು ಉಳಿಯುವ ಶ್ವಾಸಕೋಶ. ಕೊಳೆಯತೊಡಗಿದರೆ ಮೊದಲು ಮಾಯವಾಗುವುದು ಇವೇ. ಆಮೇಲೆ ಉಳಿಯುವುದು ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ, ನೀರಿನಲ್ಲಿರುವ ಸೂಕ್ಷ್ಮ ಪಾಚಿಯನ್ನು ಹುಡುಕುವ ಪರೀಕ್ಷೆ. ಅದಕ್ಕೆ ಶವ ಸಿಕ್ಕ ಜಾಗದ ನೀರಿನ ಮಾದರಿಯೂ ಬೇಕು. ಲಗೂನಿನ ಒಳಗಿನ ನೀರು ಬೇರೆ, ದಿಬ್ಬದಾಚೆಯ ಕಡಲ ನೀರು ಬೇರೆ. ಒಂದು ಬಾಟಲಿ ನೀರು ತುಂಬಿಡುವುದು ದೊಡ್ಡ ವಿಜ್ಞಾನವಲ್ಲ. ಆದರೂ ನನ್ನ ಕೈಗೆ ಬಂದ ಎಷ್ಟೋ ಪ್ರಕರಣಗಳಲ್ಲಿ, ಅವು ಮುಖ್ಯಭೂಮಿಯವೇ ಆದರೂ, ಅದು ಇರುತ್ತಿರಲಿಲ್ಲ. ಹವಳದ ದಿಬ್ಬ ಇನ್ನೊಂದು ತೊಡಕು. ಅಲೆಗೆ ಉಜ್ಜಿದ ಶವದ ಮೈತುಂಬ ತರಚು ಗಾಯ, ಏಡಿ, ಮೀನು ಕಚ್ಚಿದ ಗುರುತು. ಬದುಕಿದ್ದಾಗಿನ ಗಾಯ ಯಾವುದು, ಸತ್ತ ಮೇಲಿನದು ಯಾವುದು ಎಂದು ತಾಜಾ ಶವದಲ್ಲಿ ಹೇಳಬಹುದು. ಮೂರು ದಿನದ ಶವದಲ್ಲಿ ನನ್ನಂಥವಳೂ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಈ ಸಂಕಟಕ್ಕೆ ಮನೆಯವರ ಸಂಕಟವೂ ಸೇರುತ್ತದೆ. ನಿಮ್ಮ ಪ್ರದೇಶದ ಜನರಲ್ಲಿ ನೂರಕ್ಕೆ ತೊಂಬತ್ತಾರಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಸತ್ತವರನ್ನು ಬೇಗ ಮಣ್ಣು ಮಾಡಬೇಕು ಎಂಬುದು ಅವರ ನಂಬಿಕೆ. ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡವರೂ ಪೆಟ್ಟಿಗೆ, ಹಡಗು, ಕೊಳೆಯುವುದು ಎಲ್ಲವನ್ನೂ ಕಣ್ಣ ಮುಂದೆ ತಂದುಕೊಂಡು "ಬೇಡ ಬಿಡಿ, ಇಲ್ಲೇ ಮಲಗಿಸೋಣ" ಎನ್ನುತ್ತಾರೆ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ನ್ಯಾಯವೇ? ಹೂತ ಶವವನ್ನು ಹೊರತೆಗೆಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ, ನಿಜ. ಆದರೆ ಹವಳದ ಮರಳಿನಲ್ಲಿ, ಕೆಲವೇ ಅಡಿ ಕೆಳಗೆ ನೀರಿರುವ ನೆಲದಲ್ಲಿ ತಿಂಗಳ ನಂತರ ಏನು ಸಿಕ್ಕೀತು? ಪರೀಕ್ಷೆ ಆ ದ್ವೀಪದಲ್ಲೇ, ಆ ದಿನವೇ ಮುಗಿಯುವಂತಿದ್ದರೆ ನಂಬಿಕೆಗೂ ತನಿಖೆಗೂ ಜಗಳವೇ ಇರುವುದಿಲ್ಲ. ಆ ಜಗಳ ಹುಟ್ಟಿಸುವುದು ದೂರ, ಧರ್ಮವಲ್ಲ.

ಆ ದಿನವೇ ಮುಗಿಸಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ನಾನು ಕೇಳಿದ್ದೇನೆ; ನೋಡಿದ್ದಲ್ಲ, ಕೇಳಿದ್ದು, ಫೋನಿನಲ್ಲಿ.

ನಿವೃತ್ತಿಯ ನಂತರದ ಒಂದು ಜುಲೈ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯ ಕರೆ ಬಂತು. ಅವನು ದ್ವೀಪದವನೇ, ಒಂದು ಸಣ್ಣ ದ್ವೀಪದ ವೈದ್ಯ. ಹೆಸರೂ ಬೇಡ, ದ್ವೀಪವೂ ಬೇಡ. "ಮೇಡಂ, ಮುಖ್ಯಭೂಮಿಯಿಂದ ಕೆಲಸಕ್ಕೆ ಬಂದಿದ್ದ ಕಾರ್ಮಿಕ. ಬೆಳಿಗ್ಗೆ ದಡಕ್ಕೆ ಬಂದಿದ್ದಾನೆ. ಹಡಗು ರದ್ದಾಗಿದೆ. ನಾನೇ ಮಾಡಬೇಕು. ಇಂಟರ್ನ್‌ಶಿಪ್ ಆದ ಮೇಲೆ ಕತ್ತಿ ಹಿಡಿದಿಲ್ಲ." ನೊರೆ ಇದೆಯೇ ಎಂದು ಕೇಳಿದೆ. ಇದೆ ಎಂದ. ಫೋಟೋ ತೆಗೆ, ಒರೆಸಬೇಡ, ಮುಷ್ಟಿ ಬಿಡಿಸುವ ಮೊದಲೂ ಒಂದು ಫೋಟೋ ಎಂದೆ. ಮೊದಲು ಒಬ್ಬರನ್ನು ದಡಕ್ಕೆ ಓಡಿಸಿ ನೀರು ತುಂಬಿಸಿ ತರಿಸು ಎಂದೆ. ತಲೆ, ಎದೆ, ಹೊಟ್ಟೆ ಮುಗಿದ ಮೇಲೆ ಕೊನೆಗೆ ಕುತ್ತಿಗೆ. ರಕ್ತ ಬಸಿದುಹೋದ ಮೇಲೆ ಪದರ ಪದರವಾಗಿ ಬಿಡಿಸಿದರೆ ಕತ್ತು ಹಿಚುಕಿದ್ದರೆ ಅಡಗುವುದಿಲ್ಲ. ಲೈನು ಮೂರು ಸಲ ಕಡಿಯಿತು. ನಾಲ್ಕನೆಯ ಸಲ ಅವನ ದನಿ ಬದಲಾಗಿತ್ತು: "ಕುತ್ತಿಗೆ ಶುಭ್ರವಾಗಿದೆ, ಮೇಡಂ. ಶ್ವಾಸನಾಳದೊಳಗೆ ಸಣ್ಣ ಮರಳಿದೆ, ಕೊನೆಯ ಕವಲುಗಳವರೆಗೂ."

ಒಳಾಂಗಗಳನ್ನು ಇಡಲು ಉಪ್ಪಿನ ದ್ರಾವಣ ಬೇಕಿತ್ತು. ತಳದಲ್ಲಿ ಉಪ್ಪು ಕರಗದೆ ಉಳಿಯುವಷ್ಟು ಉಪ್ಪು ಹಾಕು ಎಂದೆ. ಅಂಗಡಿಯಿಂದ ಅಡಿಗೆ ಉಪ್ಪು ಬಂತು. ಅಗಲ ಬಾಯಿಯ ಬಾಟಲಿ ಸಾಲದೆ ಯಾರದೋ ಮನೆಯ ಉಪ್ಪಿನಕಾಯಿ ಭರಣಿಯನ್ನು ಕುದಿಸಿ ತೊಳೆದು ಕೊಟ್ಟರು. ಸಂಜೆ ಐದರೊಳಗೆ ದೂರದ ಊರಿನಲ್ಲಿದ್ದ ಕಾರ್ಮಿಕನ ಹೆಂಡತಿಗೆ ಅವನು ಫೋನು ಮಾಡಿ, ಮುಳುಗಿ ಸತ್ತದ್ದು, ಮೈಮೇಲೆ ಯಾರೂ ಕೈ ಮಾಡಿದ ಗುರುತಿಲ್ಲ ಎಂದು ಹೇಳಿದ. ಶೀತಲ ಕೊಠಡಿ, ಹೊಳೆಯುವ ಮೇಜು ಎಲ್ಲ ಇದ್ದೂ ನಾನು ಆ ಅಣ್ಣನಿಗೆ ಹೇಳಲಾಗದ್ದನ್ನು ಈ ಹುಡುಗ ಉಪ್ಪಿನಕಾಯಿ ಭರಣಿ ಇಟ್ಟುಕೊಂಡು ಹೇಳಿದ್ದ. ಬಾಟಲಿಗಳು ಮಾತ್ರ ಹಡಗಿಗಾಗಿ ಹನ್ನೆರಡು ದಿನ ಕಾದವು.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ. ಮೂಲದಲ್ಲಿ ಅದು ಒಂದೇ: ಶವವು ಪರೀಕ್ಷೆಯ ಬಳಿಗೆ ಹೋಗುವುದು ನಿಲ್ಲಲಿ, ಪರೀಕ್ಷೆ ಶವದ ಬಳಿಗೆ ಬರಲಿ.

ಜನವಸತಿಯ ಹತ್ತೂ ದ್ವೀಪಗಳಿಗೆ ಅನ್ವಯಿಸುವ ಒಂದು ಸ್ಥಾಯಿ ಆದೇಶ ಹೊರಡಿಸಿ. ಸಂಶಯದ ಸಾವಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆ ದ್ವೀಪದಲ್ಲೇ ಮರಣೋತ್ತರ ಪರೀಕ್ಷೆ ನಡೆಯಬೇಕು; ಶವವನ್ನು ಕಡಲು ದಾಟಿಸುವುದಾದರೆ ಏಕೆ ಎಂದು ಬರೆದಿಡಬೇಕು. ತಜ್ಞರು ತಲುಪಬಹುದಾದರೆ ತಲುಪಲಿ. ಹೆಲಿಕಾಪ್ಟರಿನಲ್ಲಿ ಜೀವಂತ ರೋಗಿಗೇ ಮೊದಲ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಶವಕ್ಕೆ ಹೆಲಿಕಾಪ್ಟರ್ ಕೊಡಿ ಎಂದು ನಾನು ಕೇಳುತ್ತಿಲ್ಲ. ರೋಗಿಯನ್ನು ಕರೆತರಲು ಖಾಲಿ ಹೋಗುವಾಗ ವೈದ್ಯರಿಗೊಂದು ಸೀಟು ಕೇಳುತ್ತಿದ್ದೇನೆ. ತಲುಪಲು ಆಗದಿದ್ದರೆ ಅಲ್ಲಿರುವ ವೈದ್ಯರಿಗೆ ತಜ್ಞರು ವಿಡಿಯೋ ಮೂಲಕ ಜೊತೆ ನಿಲ್ಲಲಿ. ಕೊಚ್ಚಿಯಿಂದ ದ್ವೀಪಗಳಿಗೆ ಕಡಲ ತಳದಲ್ಲಿ ಹಾಕಿದ ಆಪ್ಟಿಕಲ್ ಫೈಬರ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ನನ್ನ ವಿದ್ಯಾರ್ಥಿ ಮೂರು ಸಲ ಕಡಿದ ಫೋನಿನಲ್ಲಿ ಮಾಡಿದ್ದನ್ನು ಈಗ ಚಿತ್ರ ಸಮೇತ, ದಾಖಲೆ ಸಮೇತ ಮಾಡಬಹುದು. ದೆಹಲಿಯ ಏಮ್ಸ್ 2021ರಿಂದ ಸಿ.ಟಿ. ಯಂತ್ರದಲ್ಲಿ ಶವದ ಒಳಗನ್ನು ನೋಡುವ ವಿಧಾನ ನಡೆಸುತ್ತಿದೆ. ಕತ್ತಿ ಬೇಡವೆನ್ನುವ ಮನೆಯವರಿಗೆ ಅದೊಂದು ದಾರಿ. ಎಲ್ಲ ಸಾವಿಗೂ ಅದು ಸಾಲುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ವಿಷದ ಸಾವಿಗೆ ಚಿತ್ರ ಉತ್ತರ ಕೊಡುವುದಿಲ್ಲ.

ಪ್ರತಿ ದ್ವೀಪಕ್ಕೂ ಒಂದು ಶೀತಲ ಪೆಟ್ಟಿಗೆ ಇರಲಿ, ಅದಕ್ಕೆ ತನ್ನದೇ ಬ್ಯಾಟರಿ ಇರಲಿ. ದ್ವೀಪಗಳ ವಿದ್ಯುತ್ತು ಬಹುಪಾಲು ಡೀಸೆಲಿನಿಂದ ಬರುತ್ತದೆ, ಡೀಸೆಲ್ ಹಡಗಿನಿಂದ ಬರುತ್ತದೆ. ಹಡಗಿಲ್ಲದ ದಿನವೇ ಅದರ ಅಗತ್ಯ ಹೆಚ್ಚು. ಬಾಟಲಿ, ಉಪ್ಪು, ಸ್ಪಿರಿಟ್, ಫ್ಲೋರೈಡ್ ಹಾಕಿದ ರಕ್ತದ ಶೀಸೆ, ಅರಗು, ಲೇಬಲ್ಲು ಎಲ್ಲ ಇರುವ ಒಂದು ಮುಚ್ಚಿದ ಪೆಟ್ಟಿಗೆಯೂ ಇರಲಿ. ಬಿತ್ರಾದಲ್ಲಿ 2011ರ ಜನಗಣತಿಯಂತೆ ಇದ್ದವರು 271 ಮಂದಿ. ಅಷ್ಟು ಜನರಿಗೆ ಶವಾಗಾರ ಕಟ್ಟಿಸಿ ಎಂದರೆ ನೀವು ನಕ್ಕೀರಿ. ಆದರೆ ಆ ಪೆಟ್ಟಿಗೆಯ ಬೆಲೆ ಒಬ್ಬ ಅಧಿಕಾರಿಯ ಒಂದು ಪ್ರವಾಸದ ಖರ್ಚನ್ನೂ ಮೀರದು. ವೈದ್ಯಾಧಿಕಾರಿಗಳು ಎರಡು ವರ್ಷಕ್ಕೊಮ್ಮೆ ಹದಿನೈದು ದಿನ ಮುಖ್ಯಭೂಮಿಯ ಶವಾಗಾರದಲ್ಲಿ ಕೈ ಪಳಗಿಸಿ ಹೋಗಲಿ. ಅಂಡಮಾನಿಗೆ 2015ರಲ್ಲಿ ವೈದ್ಯಕೀಯ ಕಾಲೇಜು ಬಂತು, ಅದರೊಂದಿಗೆ ನ್ಯಾಯವೈದ್ಯಶಾಸ್ತ್ರದ ವಿಭಾಗವೂ. ಅರುವತ್ತನಾಲ್ಕು ಸಾವಿರ ಜನರ ನಿಮ್ಮ ಪ್ರದೇಶಕ್ಕೆ ಕಾಲೇಜು ಕೇಳುವುದು ಅತಿಯಾದೀತು. ಇಬ್ಬರು ತಜ್ಞರ ಹುದ್ದೆ ಕೇಳುವುದು ಅತಿಯಲ್ಲ.

ಪ್ರಯೋಗಾಲಯದ ವಿಷಯ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದೇ ಸಾಕ್ಷ್ಯ ಸಂಗ್ರಹಿಸಬೇಕು ಎಂದು ಹೊಸ ಸಂಹಿತೆಯ 176ನೇ ಕಲಮಿನ ಮೂರನೆಯ ಉಪಕಲಮು ಹೇಳುತ್ತದೆ. ಇದನ್ನು ಜಾರಿಗೊಳಿಸಲು ಐದು ವರ್ಷದ ಅವಕಾಶವಿದೆ. ತಮ್ಮಲ್ಲಿ ಸೌಲಭ್ಯ ಇಲ್ಲದವರು ಅದು ಬರುವ ತನಕ ಬೇರೆ ರಾಜ್ಯದ ಸೌಲಭ್ಯ ಬಳಸಲು ಅಧಿಸೂಚನೆ ಹೊರಡಿಸಬೇಕು ಎಂಬ ಮಾತೂ ಅಲ್ಲೇ ಇದೆ. ಲಕ್ಷದ್ವೀಪ ಕೇರಳ ಹೈಕೋರ್ಟಿನ ವ್ಯಾಪ್ತಿಯಲ್ಲಿರುವುದರಿಂದ ಎಲ್ಲವೂ ಕೇರಳದತ್ತ ಹರಿಯುವುದು ಸಹಜ. ಆದರೆ ಹಡಗು ಯಾವ ಬಂದರಿಗೆ ಮೊದಲು ಹೊರಡುತ್ತದೋ ಬಾಟಲಿಯೂ ಆ ಬಂದರಿಗೆ ಹೋಗಲಿ. ಮಂಗಳೂರಿನಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಉತ್ತರದ ಐದು ದ್ವೀಪಗಳಿಗೆ ಅದನ್ನೂ ಅಧಿಸೂಚಿಸಿ. ಇಲ್ಲಿ ನಮ್ಮ ಕರ್ನಾಟಕ ಸರ್ಕಾರದ ಗೃಹ ಇಲಾಖೆಗೂ ಒಂದು ಮಾತು: ನಮ್ಮದೇ ಕೆಲಸ ರಾಶಿ ಬಿದ್ದಿದೆ ಎಂದು ಬಾಗಿಲು ಹಾಕಬೇಡಿ. ವರ್ಷಕ್ಕೆ ಬರುವ ಬಾಟಲಿಗಳನ್ನು ಬೆರಳಿನಲ್ಲಿ ಎಣಿಸಬಹುದು.

ಅಷ್ಟು ಕಡಿಮೆಯಾದರೆ ಇಷ್ಟು ಗಲಾಟೆ ಏಕೆ ಎನ್ನುವವರಿದ್ದಾರೆ. ಲಕ್ಷದ್ವೀಪದಲ್ಲಿ ಅಪರಾಧವೇ ಇಲ್ಲ ಎಂದು ಪ್ರವಾಸಿಗಳು ಹೊಗಳುತ್ತಾರೆ, ಅಧಿಕಾರಿಗಳೂ ಹೆಮ್ಮೆಪಡುತ್ತಾರೆ. ಜನ ಒಳ್ಳೆಯವರು, ಸಂಶಯವಿಲ್ಲ; ಬಾಗಿಲಿಗೆ ಚಿಲಕ ಹಾಕದ ಮನೆಗಳಲ್ಲಿ ನಾನೂ ಉಂಡಿದ್ದೇನೆ. ಆದರೆ ಅಪರಾಧ ಕಡಿಮೆ ಎಂದು ಹೇಳಬೇಕಾದರೆ ಪ್ರತಿ ಸಾವಿನ ಕಾರಣ ಗೊತ್ತಿರಬೇಕು. ಆದ್ದರಿಂದ ಇನ್ನೊಂದು ಕೋರಿಕೆ: ವರ್ಷಕ್ಕೊಮ್ಮೆ ದ್ವೀಪವಾರು ಲೆಕ್ಕ ಪ್ರಕಟಿಸಿ. ಅಸಹಜ ಸಾವು ಎಷ್ಟು, ಮರಣೋತ್ತರ ಪರೀಕ್ಷೆ ಎಷ್ಟು, ಎಷ್ಟು ಗಂಟೆಯೊಳಗೆ, ಅಭಿಪ್ರಾಯ ಕಾಯ್ದಿರಿಸಿದ್ದು ಎಷ್ಟು. ಹೆಸರುಗಳು ಬೇಡ, ಅಂಕಿ ಸಾಕು. ವರದಿಯ ಪ್ರತಿಯನ್ನು ಮನೆಯವರು ಕೇಳುವ ಮೊದಲೇ, ಅವರ ಭಾಷೆಯಲ್ಲಿ ಅರ್ಥ ಹೇಳಿ ಕೊಡುವ ವ್ಯವಸ್ಥೆ ಮಾಡಿ.

ಶವವೇ ಸಿಗದ ಮನೆಗಳ ಪಾಡು ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ದೋಣಿಯ ಏಳು ಮಂದಿ ಮರಳಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ದೋಣಿಯ ಅವಶೇಷ ಮಾತ್ರ ಕಡಲ ತಳದಲ್ಲಿ ಪತ್ತೆಯಾಯಿತು. ಅಲ್ಲಿ ಕಡಲು ಯಾರನ್ನೂ ಹಿಂದೆ ಕೊಡಲಿಲ್ಲ. ನಾನು ಬರೆದಿರುವುದು ಕಡಲು ಹಿಂದೆ ಕೊಟ್ಟ ಶವಗಳ ಬಗ್ಗೆ.

ಕೊನೆಯದಾಗಿ ಒಂದು ಸಣ್ಣ ಅರ್ಜಿ. ನನಗೀಗ ಅರುವತ್ತೇಳು. ಕತ್ತಿ ಹಿಡಿದರೆ ಕೈ ನಡುಗುತ್ತದೆ. ಪಕ್ಕದಲ್ಲಿ ನಿಂತು ಕಲಿಸಲು ಅಡ್ಡಿಯಿಲ್ಲ. ಮಳೆಗಾಲ ಮುಗಿದ ಮೇಲೆ ಹೊರಡುವ ಮೊದಲ ಹಡಗಿಗೆ ಬಂದು, ದ್ವೀಪಕ್ಕೆ ಎರಡು ದಿನದಂತೆ ನಿಮ್ಮ ವೈದ್ಯರಿಗೂ ಪೊಲೀಸರಿಗೂ ನನಗೆ ತಿಳಿದಷ್ಟನ್ನು ಹೇಳಿಕೊಡುತ್ತೇನೆ. ಸಂಭಾವನೆ ಬೇಡ. ನೀರಿನ ಮಾದರಿಯಿಂದಲೇ ಶುರು ಮಾಡುತ್ತೇನೆ. ಲಕ್ಷದ್ವೀಪ ಪ್ರವೇಶದ ಪರವಾನಗಿಗೆ ಬೇಕಾದ ಅರ್ಜಿಯನ್ನು ಇಂಗ್ಲಿಷ್ ಪ್ರತಿಯ ಜೊತೆಗೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ನ್ಯಾಯವೈದ್ಯಶಾಸ್ತ್ರ ಅಧ್ಯಾಪಕಿ,
ಮಂಗಳೂರು